ನೇತ್ರಾಣಿಯ ತಳದಲ್ಲೊಂದು ಕೊಂಬಿನ ಜೀವ

ಮುರ್ಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಸುಮಾರು 19 ಕಿಲೋಮೀಟರ್ ನೀರಿನ ದಾರಿ. ದೋಣಿ ಹೊರಟು ಸ್ವಲ್ಪ ಹೊತ್ತಿಗೆಲ್ಲ ಶಿವನ ಆ ಮಹಾಮೂರ್ತಿ ಬೆರಳುದ್ದವಾಗಿ, ಆಮೇಲೆ ಕಾಣದೇ ಹೋಯಿತು. ಎದುರಿಗೆ ಕಡಲಿನಿಂದ ನೆಟ್ಟಗೆ ಎದ್ದ ಬಂಡೆಗುಡ್ಡ, ಅದರ ತಲೆ ಮೇಲೆ ಕಾಡು, ಕಾಡಿನ ಮೇಲೆ ಸುತ್ತುವ ಬಿಳಿಹೊಟ್ಟೆಯ ಕಡಲ ಹದ್ದು. ಜೊತೆಯವರ ಬಾಯಲ್ಲೆಲ್ಲ ತಿಮಿಂಗಿಲ ಶಾರ್ಕಿನದೇ ಮಾತು. ನನ್ನ ಪಾಲಿಗೆ ಬಂದದ್ದು ಹೆಬ್ಬೆರಳಿನಷ್ಟು ಉದ್ದದ ಜೀವ.

ನೀರಿಗೆ ಧುಮುಕಿ ಹತ್ತು ಮೀಟರ್ ಆಳಕ್ಕಿಳಿದಾಗ ಗೈಡ್ ಹುಡುಗ ಎರಡು ಬೆರಳನ್ನು ಹಣೆಗೆ ಕೊಂಬಿನಂತೆ ಹಿಡಿದು ಬಂಡೆಯತ್ತ ತೋರಿಸಿದ. ಸೀ ಸ್ಲಗ್ ಇದೆ ಎನ್ನಲು ನೀರೊಳಗೆ ಮಾಡುವ ಸನ್ನೆ ಅದು. ಟಾರ್ಚ್ ಬಿದ್ದದ್ದೇ ತಡ, ಮಂಕಾಗಿದ್ದ ಬಂಡೆಯ ಮೇಲೆ ಕಪ್ಪು ಮೈ, ಉದ್ದಕ್ಕೂ ಬೂದುನೀಲಿ ಏಣು, ಏಣಿನ ತುಂಬ ಅರಿಸಿನ ಬಣ್ಣದ ಗಂಟುಗಳು! ಫಿಲಿಡಿಯಾ ವಾರಿಕೋಸಾ.

ಸೀ ಸ್ಲಗ್ ಎಂದರೆ ಬಸವನಹುಳುವಿನ ಬಳಗದ್ದೇ. ಮೊಟ್ಟೆಯಿಂದ ಬಂದ ಮರಿಗೆ ಪುಟಾಣಿ ಚಿಪ್ಪೂ ಇರುತ್ತದೆ. ತೇಲಾಡುವ ಬಾಲ್ಯ ಮುಗಿಸಿ ತಳಕ್ಕಿಳಿದು ರೂಪ ಬದಲಿಸುವಾಗ ಅದನ್ನು ಕಳಚಿಬಿಡುತ್ತದೆ. ಸುತ್ತ ನೋಡಿದರೆ ಮೀನಿನ ಸಂತೆ. ಇದಕ್ಕೋ ಮುಳ್ಳಿಲ್ಲ, ಕವಚವಿಲ್ಲ, ಓಟವಂತೂ ಇಲ್ಲವೇ ಇಲ್ಲ. ಆದರೂ ಬಟಾಬಯಲಲ್ಲಿ ಆರಾಮವಾಗಿ ತೆವಳುತ್ತಿತ್ತು. ಮೀನೊಂದು ಹತ್ತಿರ ಬಂದು, ನೋಡಿ, ಬಳಸಿಕೊಂಡು ಹೋಯಿತು.

ಗುಟ್ಟಿರುವುದು ಊಟದಲ್ಲಿ. ಇದರ ಆಹಾರ ಸ್ಪಂಜು. ಸ್ಲಗ್‌ಗಳಲ್ಲಿ ಹೆಚ್ಚಿನವಕ್ಕೆ ಅರದಂತೆ ಕೆರೆಯುವ ಹಲ್ಲಿನ ನಾಲಗೆ ಇರುತ್ತದೆ. ಫಿಲಿಡಿಯಾಗೆ ಅದೂ ಇಲ್ಲ. ಸ್ಪಂಜಿನ ಮೇಲೆ ಜೀರ್ಣರಸ ಬಿಟ್ಟು, ಕರಗಿದ್ದನ್ನು ಹೀರುತ್ತದೆ. ಜೊತೆಗೆ ಸ್ಪಂಜಿನ ವಿಷವನ್ನೂ ಎತ್ತಿಕೊಂಡು ಮೈಗೂಡಿಸಿಕೊಳ್ಳುತ್ತದೆ. ಹವಾಯಿಯ ರಸಾಯನ ವಿಜ್ಞಾನಿಗಳು 1975ರಲ್ಲಿ ಆ ವಿಷದ ರಚನೆ ಪತ್ತೆಹಚ್ಚಿದರು. ಇದು ತಿನ್ನುವ ಸ್ಪಂಜಿನಲ್ಲೂ ಅದೇ ಸಿಕ್ಕಿತು. ಇದರ ಲೋಳೆ ಅಕ್ವೇರಿಯಂ ನೀರಿಗೆ ಸೇರಿದರೆ ಜೊತೆಗಿರುವ ಮೀನು, ಸಿಗಡಿಗಳು ಸತ್ತೇ ಹೋಗಬಹುದು. ವಿಷ ಸ್ಪಂಜಿನದು, ಎಚ್ಚರಿಕೆಯ ಬೋರ್ಡಿನಂಥ ಬಣ್ಣ ಮಾತ್ರ ಇದರ ಸ್ವಂತದ್ದು.

ಉಸಿರು ಹಿಡಿತದಲ್ಲಿಟ್ಟುಕೊಂಡು ಇನ್ನಷ್ಟು ಬಗ್ಗಿದೆ. ತಲೆಯ ಮೇಲೆ ಎರಡು ಹಳದಿ ಕೊಂಬು, ಕೊಂಬಿನ ಮೈಯೆಲ್ಲ ಸಣ್ಣ ಮಡಿಕೆ. ನೀರಿನ ವಾಸನೆ ಹಿಡಿಯುವ ಅಂಗಗಳವು. ನನ್ನ ಕೈಯಾಡಿ ನೀರು ಕದಡಿದ್ದೇ ಎರಡೂ ಸರ್ರನೆ ಒಳಗೆ. ತುಸು ಹೊತ್ತಿಗೆ ಒಂದು ಇಣುಕಿತು, ಬೆನ್ನಿಗೇ ಇನ್ನೊಂದು. ಕಣ್ಣಿದ್ದರೂ ಚರ್ಮದಡಿಯ ಚುಕ್ಕೆಗಳಷ್ಟೇ. ಬೆಳಕು, ಕತ್ತಲೆ ತಿಳಿದರೆ ಹೆಚ್ಚು. ಇಷ್ಟೊಂದು ಸಿಂಗಾರ ಮಾಡಿಕೊಂಡ ಪ್ರಾಣಿ ತನ್ನ ಬಣ್ಣವನ್ನೂ ನೋಡಲಾರದು, ಸಂಗಾತಿಯದನ್ನೂ ನೋಡಲಾರದು! ಸಂಗಾತಿಯನ್ನು ಹುಡುಕುವುದೂ ವಾಸನೆಯ ಜಾಡಿನಲ್ಲೇ. ಸಿಕ್ಕರೆ ಗಂಡೋ ಹೆಣ್ಣೋ ಎಂಬ ಪ್ರಶ್ನೆಯಿಲ್ಲ, ಪ್ರತಿಯೊಂದೂ ಎರಡೂ ಹೌದು. ಬಲಮಗ್ಗುಲಿಗೆ ಬಲಮಗ್ಗುಲು ತಾಗಿಸಿ ನಿಂತರಾಯಿತು. ಕಿವಿರು ಎಲ್ಲಿ ಎಂದು ಹುಡುಕಿದೆ. ಹಲವು ಜಾತಿಗಳಲ್ಲಿ ಅದು ಬೆನ್ನ ಮೇಲೇ ಹೂವಾಗಿ ಅರಳಿರುತ್ತದೆ. ಇದು ಮೈಯಂಚಿನ ಅಡಿ ಬಚ್ಚಿಟ್ಟುಕೊಂಡಿದೆ.

ದಾಯಾದಿಗಳದು ಇನ್ನೂ ವಿಚಿತ್ರ. ಕೆಲವು ಜಾತಿಗಳು ಕುಟುಕುವ ಜೀವಿಗಳನ್ನೇ ತಿಂದು, ಸಿಡಿಯದೆ ಉಳಿದ ಕುಟುಕು ಕೋಶಗಳನ್ನು ತಮ್ಮ ಬೆನ್ನಿನ ಎಸಳುಗಳ ತುದಿಗೆ ಸಾಗಿಸಿ ಕಾವಲಿಗಿಟ್ಟುಕೊಳ್ಳುತ್ತವೆ. ಎಲೀಸಿಯಾ ಎಂಬುದು ತಿಂದ ಪಾಚಿಯ ಹಸಿರನ್ನು ಜೀವಂತ ಉಳಿಸಿಕೊಳ್ಳುತ್ತದೆ. ಅದರ ಒಂದು ಜಾತಿ ತನ್ನ ತಲೆಯನ್ನು ತಾನೇ ಕಳಚಿಕೊಳ್ಳುವುದನ್ನು 2021ರಲ್ಲಿ ಜಪಾನಿನ ಸಂಶೋಧಕರು ವರದಿ ಮಾಡಿದರು. ಬರಿಯ ತಲೆ ಪಾಚಿ ಮೇಯುತ್ತ ಓಡಾಡಿ, ಸುಮಾರು ಮೂರು ವಾರಗಳಲ್ಲಿ ಹೃದಯ ಸಮೇತ ಹೊಸ ಮೈ ಬೆಳೆಸಿಕೊಂಡಿತು. ನಮ್ಮ ರಾಹುವಿಗೆ ಈ ಭಾಗ್ಯ ಇರಲಿಲ್ಲ.

ಮೇಲೆ ಬಂದು ದೋಣಿಯಲ್ಲಿ ಟವೆಲ್ ಸುತ್ತಿಕೊಂಡು ಕೂತು ಇದನ್ನೆಲ್ಲ ಹೇಳುತ್ತಿದ್ದೆ. ಬೆಂಗಳೂರಿನ ತರುಣನೊಬ್ಬ ಚಾಲಕನತ್ತ ತಿರುಗಿ, "ಅದನ್ನ ತಿನ್ನಬಹುದಾ ಅಣ್ಣ?" ಎಂದು ಕೇಳಿದ.

ಚಾಲಕ ಹಗ್ಗ ಎಳೆಯುತ್ತಲೇ ಹೇಳಿದ: "ಮೀನೇ ಮುಟ್ಟೂದಿಲ್ಲ ಮಾರಾಯ್ರೇ, ನಿಮಗ್ಯಾಕೆ?"