ಶೇರ್ ಮಾಡಿದವರು ಸಂಬಳ ಕೊಡುವುದಿಲ್ಲ

ಮಾಡದಕೆರೆಯ ಗೆಳೆಯರೇ,

ನಿಮ್ಮ ಕಾಗದ ಬಂತು. ತಂಗಿಯ ಮಗನಿಗೆ ಸರ್ಕಾರಿ ಶಾಲೆಯಲ್ಲಿ ಮೇಷ್ಟ್ರ ಕೆಲಸ ಸಿಕ್ಕ ಸಂತೋಷ ಮೊದಲ ಪುಟದಲ್ಲಿದೆ, ಅವನ ಫೇಸ್‌ಬುಕ್ಕಿನ ಭಯ ಎರಡನೆಯದರಲ್ಲಿ. ಶಾಲೆಯ ಶೌಚಾಲಯಕ್ಕೆ ನೀರಿಲ್ಲ, ಮೊಟ್ಟೆಗೆ ಮೇಷ್ಟ್ರೇ ಕೈಯಿಂದ ದುಡ್ಡು ಹಾಕಬೇಕು, ಸರ್ಕಾರಕ್ಕೆ ಕಣ್ಣಿಲ್ಲ ಅಂತೆಲ್ಲ ರಾತ್ರಿ ಊಟವಾದ ಮೇಲೆ ಬರೀತಾನಂತೆ. ‘ಸುಮ್ನಿರಪ್ಪಾ ಅನ್ನೋಕೆ ಮನಸ್ಸು ಬರಲ್ಲ, ಬರಿ ಅನ್ನೋಕೆ ಧೈರ್ಯ ಬರಲ್ಲ’ ಅಂದಿದ್ದೀರಿ. ಜೊತೆಗೆ, ‘ಇದೆಲ್ಲ ಬೆಂಗಳೂರಿನ ಕಂಪನಿಗಳಲ್ಲಿ ಆಗೋದು, ನಮ್ಮ ಕಡೆ ಯಾರು ನೋಡ್ತಾರೆ’ ಅಂತಲೂ ಒಂದು ಸಾಲು ಸೇರಿಸಿದ್ದೀರಿ.

ಹೊಸದುರ್ಗ ತಾಲ್ಲೂಕಿನವರಾಗಿ ನೀವೇ ಹೀಗಂದರೆ ಹೇಗೆ? ನೋಡಿದ್ದೇ ನಿಮ್ಮ ತಾಲ್ಲೂಕಿನಲ್ಲಿ! ಕಾನುಬೇನಹಳ್ಳಿ ಸರ್ಕಾರಿ ಶಾಲೆಯ ಮೇಷ್ಟ್ರ ವಿಷಯ ಮರೆತಿರಾ? ಅವರ ಹೆಸರು ಆಗ ಎಲ್ಲ ಪೇಪರಿನಲ್ಲೂ ಬಂದಿತ್ತು, ನಾನು ಮತ್ತೆ ಬರೆಯುವುದು ಬೇಡ. 2023ರ ಮೇ 20, ಶನಿವಾರ. ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಸಿದ್ದರಾಮಯ್ಯನವರು ಎರಡನೇ ಸಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತೆಗೆದುಕೊಂಡರು. ಅದೇ ದಿನ ಇತ್ತ ಮೇಷ್ಟ್ರ ಅಮಾನತು ಆದೇಶ ಹೊರಬಿತ್ತು. ಬೇಸಿಗೆ ರಜೆಯೂ ಮುಗಿದಿರಲಿಲ್ಲ.

ಸಾಮಾಜಿಕ ಜಾಲತಾಣದಲ್ಲಿ ಅವರು ಬರೆದದ್ದು ಬೈಗುಳ ಅಲ್ಲ, ಒಂದು ಲೆಕ್ಕ. ಯಾವ ಮುಖ್ಯಮಂತ್ರಿಯ ಕಾಲದಲ್ಲಿ ರಾಜ್ಯದ ಸಾಲ ಎಷ್ಟು ಅಂತ ಒಂದು ಪಟ್ಟಿ. ಎಸ್.ಎಂ. ಕೃಷ್ಣ 3,590 ಕೋಟಿ, ಧರ್ಮಸಿಂಗ್ 15,635 ಕೋಟಿ, ಹೀಗೆ ಶುರುವಾಗಿ ಜಗದೀಶ ಶೆಟ್ಟರ್ 13,464 ಕೋಟಿಗೆ ಬಂದು, ಕೊನೆಗೆ ಸಿದ್ದರಾಮಯ್ಯ 2,42,000 ಕೋಟಿ. ಇಷ್ಟು ಸಾಲ ಮಾಡಿದವರು ಬಿಟ್ಟಿ ಕೊಡದೆ ಇನ್ನೇನು ಮಾಡುತ್ತಾರೆ ಅನ್ನುವ ಅರ್ಥದ ಕುಟುಕು ಅದರ ಜೊತೆಗೆ. ಕಾಂಗ್ರೆಸ್ಸಿನ ಗ್ಯಾರಂಟಿ ಯೋಜನೆಗಳ ಬಿಸಿ ಆಗಷ್ಟೇ ಏರುತ್ತಿದ್ದ ದಿನಗಳವು.

ಈ ಪಟ್ಟಿ ನನಗೂ ಪೂರ್ತಿ ಒಪ್ಪಿಗೆಯಿಲ್ಲ. ಕೊನೆಯ ಅಂಕಿ ಅಷ್ಟು ದೊಡ್ಡದಾಗಿ ನಿಂತದ್ದನ್ನು ನೋಡಿದರೆ, ಇದು ಒಬ್ಬರ ಕಾಲದಲ್ಲಿ ಹೊಸದಾಗಿ ಮಾಡಿದ ಸಾಲವೋ, ಹಿಂದಿನವರೆಲ್ಲ ಬಿಟ್ಟುಹೋದದ್ದೂ ಸೇರಿದ ಒಟ್ಟು ಬಾಕಿಯೋ ಅಂತ ಯಾರಾದರೂ ಕೇಳಬೇಕಿತ್ತು. ಮೇಲಿನವರದೆಲ್ಲ ವರ್ಷದ ಖರ್ಚು ಬರೆದು ಕೊನೆಯವರ ಮುಂದೆ ಮನೆಯ ಪೂರ್ತಿ ಸಾಲ ಬರೆದರೆ ಯಾರಾದರೂ ದುಂದುಗಾರರಾಗಿಯೇ ಕಾಣುತ್ತಾರೆ. ಉತ್ತರ ಹುಡುಕುವುದೇನೂ ಕಷ್ಟವಿರಲಿಲ್ಲ. ಬಜೆಟ್ ಜೊತೆ ಸರ್ಕಾರವೇ ಮಂಡಿಸುವ ಮಧ್ಯಮಾವಧಿ ವಿತ್ತೀಯ ಯೋಜನೆಯಲ್ಲಿ ಸಾಲದ ಲೆಕ್ಕ ಇರುತ್ತದೆ. ಹಣಕಾಸು ಇಲಾಖೆಯ ಒಬ್ಬ ಗುಮಾಸ್ತ ಹತ್ತು ಸಾಲು ಬರೆದಿದ್ದರೆ ಮೇಷ್ಟ್ರು ತಿದ್ದಿಕೊಳ್ಳುತ್ತಿದ್ದರು, ಇಲ್ಲವೇ ವಾದಕ್ಕೆ ನಿಲ್ಲುತ್ತಿದ್ದರು. ಎರಡರಲ್ಲಿ ಯಾವುದಾದರೂ ಓದಿದ ನಮಗೆ ನಾಲ್ಕು ವಿಷಯ ತಿಳಿಯುತ್ತಿತ್ತು. ಬಂದದ್ದು ಅಮಾನತಿನ ಆದೇಶ. ಆ ಅಂಕಿ ಸರಿಯೋ ತಪ್ಪೋ ಅನ್ನುವುದು ಅಲ್ಲಿಗೇ ಮುಚ್ಚಿಹೋಯಿತು. ಎಲ್ಲರ ಬಾಯಲ್ಲೂ ‘ಸಸ್ಪೆಂಡ್ ಮಾಡಿದ್ದು ಸರಿಯಾ’ ಅನ್ನುವುದೊಂದೇ ಮಾತು.

ಆಮೇಲಿನದು ನಿಮಗೆ ಗೊತ್ತು. ಬಿಜೆಪಿಯವರು ಮೇಷ್ಟ್ರ ಪರ ದನಿ ಎತ್ತಿದರು, ವಾಕ್ ಸ್ವಾತಂತ್ರ್ಯದ ಮಾತಾಡಿದರು. ಅದೇ ಪಕ್ಷದ ಸರ್ಕಾರ ಇದ್ದಾಗ, 2021ರ ಜನವರಿಯಲ್ಲಿ, ರಾಜ್ಯ ಸರ್ಕಾರಿ ನೌಕರರ ಹೊಸ ನಡತೆ ನಿಯಮಗಳು ಬಂದವು. 1966ರ ಹಳೆಯ ನಿಯಮಗಳಲ್ಲಿದ್ದ ‘ಸರ್ಕಾರವನ್ನು ಟೀಕಿಸಬಾರದು’ ಅನ್ನುವ ಕಟ್ಟಳೆ ಅದರಲ್ಲೂ ಉಳಿಯಿತು. ಅದಕ್ಕೂ ಮೊದಲು, 2020ರಲ್ಲಿ ಹೊರಬಿದ್ದ ಕರಡು ನೋಡಿ ನೌಕರರು ಬೆಚ್ಚಿದ್ದರು. ಸಿನಿಮಾದಲ್ಲಿ ನಟಿಸುವುದಕ್ಕೂ ಅನುಮತಿ ಬೇಕು ಅಂತಿತ್ತು ಅದರಲ್ಲಿ. ಕುರ್ಚಿಯಲ್ಲಿದ್ದಾಗ ಎಲ್ಲರಿಗೂ ಈ ಕಟ್ಟಳೆ ಬೇಕು, ಕುರ್ಚಿ ಹೋದ ಮೇಲೆ ಎಲ್ಲರಿಗೂ ಸಂವಿಧಾನದ 19ನೇ ವಿಧಿ ನೆನಪಾಗುತ್ತದೆ. ನಿಮ್ಮ ಹುಡುಗ ಯಾವ ಪಕ್ಷದ ಕಡೆ ಅಂತ ನಾನು ಕೇಳುವುದಿಲ್ಲ. ಯಾವ ಕಡೆಯಾದರೂ ಒಂದಲ್ಲ ಒಂದು ಐದು ವರ್ಷ ಅವನಿಗೆ ಕಷ್ಟವೇ.

ಅಮಾನತು ಅಂದರೆ ಶಿಕ್ಷೆಯಲ್ಲ ಅನ್ನುತ್ತದೆ ಕಾನೂನು. ವಿಚಾರಣೆ ಮುಗಿಯುವವರೆಗೆ ದೂರ ಇಡುವುದು ಮಾತ್ರ. ಕಾಗದದ ಮೇಲೆ ಚೆನ್ನಾಗಿದೆ. ಮನೆಯಲ್ಲಿ ಅದು ಏನಾಗುತ್ತದೆ ಅಂತ ನಿಮಗೆ ಹೇಳಬೇಕೆ? ಸಂಬಳ ನಿಂತು, ಜೀವನಾಧಾರ ಭತ್ಯೆ ಅಂತ ಮೊದಮೊದಲು ಹೆಚ್ಚುಕಡಿಮೆ ಅರ್ಧ ಸಂಬಳ. ಕೇಂದ್ರಸ್ಥಾನ ಬಿಟ್ಟು ಹೋಗುವುದಕ್ಕೂ ಅನುಮತಿ. ನೋಟಿಸು, ದೋಷಾರೋಪಣಾ ಪಟ್ಟಿ, ವಿಚಾರಣಾಧಿಕಾರಿ, ಮುಂದಿನ ತಾರೀಕು. ಇಷ್ಟರ ನಡುವೆ ಸೊಸೈಟಿ ಸಾಲದ ಕಂತು ಮಾತ್ರ ತಪ್ಪದೆ ಬರುತ್ತದೆ. ಕೊನೆಗೆ ತಪ್ಪಿಲ್ಲ ಅಂತ ಆದರೂ ಆ ತಿಂಗಳುಗಳ ನಿದ್ದೆಯನ್ನು ಯಾವ ಇಲಾಖೆಯೂ ವಾಪಸ್ ಕೊಡುವುದಿಲ್ಲ. ಆ ಪೋಸ್ಟಿಗೆ ‘ಸೂಪರ್ ಸಾರ್’ ಅಂದವರು, ಹತ್ತು ಗುಂಪಿಗೆ ಹಾಕಿದವರು, ಸ್ಕ್ರೀನ್‌ಶಾಟ್ ತೆಗೆದು ಮೇಲಿನವರಿಗೆ ಕಳಿಸಿದವರು (ಅಂಥವರು ಪ್ರತಿ ಸ್ಟಾಫ್ ರೂಮಿನಲ್ಲೂ ಒಬ್ಬರಿರುತ್ತಾರೆ), ಇವರಲ್ಲಿ ಯಾರೂ ಕಂತಿನ ದಿನ ಮನೆಗೆ ಬರುವುದಿಲ್ಲ. ಹುಡುಗನಿಗೆ ಈ ಮಾತನ್ನು ನೀವು ಮಾವನಾಗಿ ಹೇಳಬಹುದು, ಹೆದರಿಸುವ ದನಿಯಲ್ಲಿ ಬೇಡ.

ಅದೇ 2023ರ ಫೆಬ್ರುವರಿಯಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಐಪಿಎಸ್ ಅಧಿಕಾರಿ ಡಿ. ರೂಪಾ ಅವರು ಐಎಎಸ್ ಅಧಿಕಾರಿ ರೋಹಿಣಿ ಸಿಂಧೂರಿ ಅವರ ಮೇಲೆ ಫೇಸ್‌ಬುಕ್ಕಿನಲ್ಲೇ ಆರೋಪಗಳ ಸರಮಾಲೆ ಹಾಕಿದರು, ಫೋಟೋ ಸಮೇತ. ರಾಜ್ಯವೆಲ್ಲ ಬೇರೆ ಕೆಲಸ ಬಿಟ್ಟು ಅದನ್ನೇ ನೋಡಿತು. ಸರ್ಕಾರ ಇಬ್ಬರನ್ನೂ ಹುದ್ದೆ ತೋರಿಸದೆ ವರ್ಗಾಯಿಸಿತು, ಅಮಾನತು ಮಾಡಲಿಲ್ಲ. ಅದು ಇಬ್ಬರು ಅಧಿಕಾರಿಗಳ ಜಗಳ, ಇದು ಸರ್ಕಾರದ ಟೀಕೆ, ಎರಡೂ ಒಂದೇ ಅಲ್ಲ ಅಂತ ನೀವು ಅನ್ನಬಹುದು, ಒಪ್ಪುತ್ತೇನೆ. ಆದರೆ ಮೂರು ತಿಂಗಳ ಅಂತರದಲ್ಲಿ ಐಪಿಎಸ್‌ಗೆ ಸಿಕ್ಕ ಸಾವಧಾನ ಹಳ್ಳಿ ಶಾಲೆಯ ಮೇಷ್ಟ್ರಿಗೆ ಸಿಗಲಿಲ್ಲ.

ಕೋರ್ಟು ಕೈಹಿಡಿಯುತ್ತದಾ ಅಂತ ಕೇಳಿದ್ದೀರಿ. ಒಮ್ಮೆ ಹಿಡಿಯುತ್ತದೆ, ಒಮ್ಮೆ ಬಿಡುತ್ತದೆ. ನಮ್ಮದೇ ರಾಜ್ಯದ ಒಂದು ಹಳೆಯ ಕೇಸು ಇದೆ. ಕರ್ನಾಟಕ ರಾಜ್ಯ ಸಣ್ಣ ಕೈಗಾರಿಕೆಗಳ ಅಭಿವೃದ್ಧಿ ನಿಗಮದ ನೌಕರರೊಬ್ಬರು ನಿಗಮದ ಅಧಿಕಾರಿಗಳ ಮೇಲೆ ರಾಜ್ಯಪಾಲರಿಗೆ ನೇರವಾಗಿ ಕಾಗದ ಬರೆದರು, ಪತ್ರಿಕೆಗೂ ಒಂದು ಹೇಳಿಕೆ ಕೊಟ್ಟರು. ಕೆಲಸ ಹೋಯಿತು. ಸುಪ್ರೀಂ ಕೋರ್ಟಿನವರೆಗೆ ಹೋದರು. 1998ರಲ್ಲಿ ಬಂದ ತೀರ್ಪು ಅವರ ವಿರುದ್ಧ. ಸಂಸ್ಥೆಯ ಶಿಸ್ತು ಕಾಯುವ ನಿಯಮವನ್ನು ಮಾತಿನ ಹಕ್ಕನ್ನು ಕಸಿಯುವ ನಿಯಮ ಅನ್ನಲಾಗದು ಅನ್ನುವುದು ಅದರ ಸಾರ. ಫೇಸ್‌ಬುಕ್ ಹುಟ್ಟುವುದಕ್ಕೂ ಮುಂಚಿನ ಮಾತಿದು. ಇವತ್ತಿಗೂ ಇಲಾಖೆಯ ವಕೀಲರು ಮೊದಲು ಎತ್ತಿ ತೋರಿಸುವ ತೀರ್ಪುಗಳಲ್ಲಿ ಇದೂ ಒಂದು.

ಇನ್ನೊಂದು ಕಡೆ ತ್ರಿಪುರಾ. ಮೀನುಗಾರಿಕೆ ಇಲಾಖೆಯ ಒಬ್ಬ ಮಹಿಳಾ ಗುಮಾಸ್ತರನ್ನು, ರಾಜಕೀಯ ಸಭೆಗೆ ಹೋಗಿದ್ದರು, ಫೇಸ್‌ಬುಕ್ಕಿನಲ್ಲಿ ಬರೆದಿದ್ದರು ಅಂತ, ನಿವೃತ್ತಿಗೆ ಕೆಲವೇ ದಿನ ಇದ್ದಾಗ ಅಮಾನತು ಮಾಡಿದರು. ಆ ಹೊತ್ತಿನಲ್ಲಿ ಅಮಾನತಾದರೆ ಪಿಂಚಣಿಯ ಗತಿ ಏನಾಗುತ್ತದೆ ಅಂತ ಸರ್ಕಾರಿ ನೌಕರರ ಮನೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 2020ರ ಜನವರಿಯಲ್ಲಿ ಅಲ್ಲಿನ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಅಕೀಲ್ ಕುರೇಶಿ ತೀರ್ಪು ಕೊಟ್ಟರು. ಸರ್ಕಾರಿ ನೌಕರಿಗೆ ಸೇರಿದ ಮಾತ್ರಕ್ಕೆ ಮಾತಿನ ಹಕ್ಕು ಹೋಗುವುದಿಲ್ಲ, ನಡತೆ ನಿಯಮದ ಗೆರೆಯೊಳಗೆ ತನ್ನ ನಂಬಿಕೆಯನ್ನು ಹೇಳಿಕೊಳ್ಳಬಹುದು, ಸಭೆಗೆ ಹೋಗುವುದು ಬೇರೆ, ಪಕ್ಷದ ಕೆಲಸ ಮಾಡುವುದು ಬೇರೆ ಅಂದರು. ಆದರೆ ಈ ಮಾತು ಕೇಳುವ ಹೊತ್ತಿಗೆ ಆ ಮಹಿಳೆ ನಿವೃತ್ತಿಯಾಗಿ ವರ್ಷ ದಾಟಿತ್ತು.

ನಿಮಗೆ ಇಷ್ಟವಾಗಬಹುದಾದ ಕಥೆ ಮಾತ್ರ ಅಮೆರಿಕದ್ದು. ಇಲಿನಾಯ್ ರಾಜ್ಯದಲ್ಲಿ ಮಾರ್ವಿನ್ ಪಿಕರಿಂಗ್ ಅನ್ನುವ ಹೈಸ್ಕೂಲ್ ಮೇಷ್ಟ್ರು 1964ರಲ್ಲಿ ಸ್ಥಳೀಯ ಪತ್ರಿಕೆಗೆ ಒಂದು ಕಾಗದ ಬರೆದರು. ಶಾಲಾ ಮಂಡಳಿ ಓದಿಗಿಂತ ಆಟೋಟಕ್ಕೆ ಹೆಚ್ಚು ದುಡ್ಡು ಸುರಿಯುತ್ತಿದೆ ಅಂತ ತಕರಾರು. ಕಾಗದದಲ್ಲಿ ಕೆಲವು ಅಂಕಿ ತಪ್ಪಿದ್ದವು. ಮಂಡಳಿ ಕೆಲಸದಿಂದ ತೆಗೆಯಿತು. 1968ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಮೇಷ್ಟ್ರ ಪರ ನಿಂತಿತು. ಶಾಲೆಯ ದುಡ್ಡು ಹೇಗೆ ಖರ್ಚಾಗುತ್ತಿದೆ ಅಂತ ಊರಿಗೆ ಹೇಳಬೇಕಾದವರಲ್ಲಿ ಮೊದಲಿಗರು ಮೇಷ್ಟ್ರುಗಳೇ, ಬೇಕೆಂದೇ ಸುಳ್ಳು ಹೇಳದ ಹೊರತು ಅಂಕಿ ತಪ್ಪಿದ ಮಾತ್ರಕ್ಕೆ ಅವರ ಕೆಲಸ ತೆಗೆಯಬಾರದು ಅಂದಿತು. ಮೇಷ್ಟ್ರು, ಸಾರ್ವಜನಿಕ ದುಡ್ಡು, ಚರ್ಚೆಗೆ ಬರಬಹುದಾದ ಅಂಕಿ: ಊರು ಬದಲಾಯಿಸಿದರೆ ಇದು ಹೊಸದುರ್ಗದ ಕಥೆಯೇ.

ನಾನು ಒಪ್ಪುವುದು ಆ ತೀರ್ಪಿನ ತರ್ಕವನ್ನು. ಸರ್ಕಾರದ ಗುಟ್ಟು ಬಯಲು ಮಾಡಬಾರದು, ಮಕ್ಕಳ ಫೋಟೋ, ಜಾತಿ, ಮನೆಯ ವಿಷಯ ಹಾಕಬಾರದು, ಪಕ್ಷದ ಪ್ರಚಾರ ಮಾಡಬಾರದು, ಇವೆಲ್ಲ ನ್ಯಾಯವಾದ ಕಟ್ಟುಗಳೇ. ಬಜೆಟ್ ಪುಸ್ತಕದಲ್ಲಿ ಅಚ್ಚಾದ ಸಾಲದ ಬಗ್ಗೆ ಮಾತಾಡುವುದು ಇವುಗಳಲ್ಲಿ ಯಾವುದೂ ಅಲ್ಲ. ನಿಮ್ಮ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ನಾಟಕೋತ್ಸವ ನಡೆಯುವಾಗ ಅಧಿಕಾರದಲ್ಲಿರುವವರನ್ನು ಛೇಡಿಸುವ ಮಾತು ರಂಗದ ಮೇಲೆ ಬಂದರೆ ಮುಂದಿನ ಸಾಲಿನ ಅಧಿಕಾರಿಗಳೂ ನಗುತ್ತಾರೆ. ಅದೇ ಮಾತನ್ನು ಅವರ ಕೈಕೆಳಗಿನವನು ಮೊಬೈಲಿನಲ್ಲಿ ಬರೆದರೆ ಕಡತ ಓಡುತ್ತದೆ. ಬ್ರಿಟಿಷರ ಕಾಲದಲ್ಲಿ ‘ನರಬಲಿ’ ಕವನಕ್ಕಾಗಿ ಬೇಂದ್ರೆಯವರು ಜೈಲು ಕಂಡರು, ಆಮೇಲೆ ವರ್ಷಗಟ್ಟಲೆ ಕೆಲಸವಿಲ್ಲದೆ ಪಾಡುಪಟ್ಟರು. ಅದು ಪರದೇಶದ ಸರ್ಕಾರ ಅಂತ ಸಮಾಧಾನ ಮಾಡಿಕೊಂಡೆವು.

ನಿಮ್ಮ ಮಗಳು ಬೆಂಗಳೂರಿನ ಕಂಪನಿಯಲ್ಲಿದ್ದಾಳಲ್ಲ, ಅವಳ ವಿಷಯ ಇನ್ನೂ ಸೂಕ್ಷ್ಮ, ಆದರೆ ಹೇಳುವುದು ಕಡಿಮೆ. ಸರ್ಕಾರವಾದರೆ ಸಂವಿಧಾನ ಹಿಡಿದು ಕೇಳಬಹುದು. ಖಾಸಗಿ ಕಂಪನಿಯ ಮುಂದೆ ಆ ಮಾತು ನಡೆಯುವುದಿಲ್ಲ, ಅಲ್ಲಿ ಇರುವುದು ನೇಮಕಾತಿ ಪತ್ರ, ಅದರ ಹಿಂದೆ ಯಾರೂ ಓದದ ಸೋಷಿಯಲ್ ಮೀಡಿಯಾ ಪಾಲಿಸಿ. 2015ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದು ಮಾಡಿದಾಗ, ಇನ್ನು ಏನು ಬೇಕಾದರೂ ಬರೆಯಬಹುದು ಅಂತ ಹುಡುಗರು ಕುಣಿದರು. ರದ್ದಾದದ್ದು ಪೊಲೀಸರ ಕೈಲಿದ್ದ ಒಂದು ಅಸ್ತ್ರ. ಕಂಪನಿಯ ಕೈಯಲ್ಲಿರುವುದಕ್ಕೂ ಅದಕ್ಕೂ ಸಂಬಂಧವೇ ಇರಲಿಲ್ಲ. ಹಾಗಂತ ಕಂಪನಿ ತೆಗೆದುಹಾಕಿದ್ದೆಲ್ಲ ಅನ್ಯಾಯವೂ ಅಲ್ಲ. 2020ರ ಮಾರ್ಚಿನಲ್ಲಿ, ಕೊರೋನಾ ಶುರುವಾದಾಗ, ಬನ್ನಿ ಹೊರಗೆ ಹೋಗಿ ಬಾಯಿ ಬಿಟ್ಟು ಸೀನೋಣ, ವೈರಸ್ ಹರಡೋಣ ಅಂತ ಬೆಂಗಳೂರಿನ ಇನ್ಫೋಸಿಸ್ ನೌಕರನೊಬ್ಬ ಬರೆದ. ಕಂಪನಿ ಮನೆಗೆ ಕಳಿಸಿತು, ಪೊಲೀಸರು ಬಂಧಿಸಿದರು. ಅವನ ಪರ ನನ್ನಲ್ಲಿ ಒಂದು ಮಾತೂ ಇಲ್ಲ.

ಈಗ ನಿಮ್ಮ ಹುಡುಗನಿಗೆ ಬರೋಣ. ಅವನಿನ್ನೂ ಪ್ರೊಬೇಷನ್‌ನಲ್ಲಿದ್ದಾನೆ ಅನ್ನುವುದನ್ನು ಮೊದಲು ನೆನಪಿಡಿ. ಈ ಅವಧಿಯಲ್ಲಿ ದೊಡ್ಡ ವಿಚಾರಣೆಯ ರಗಳೆಯೂ ಬೇಡ, ‘ಸೇವೆಗೆ ಸೂಕ್ತನಲ್ಲ’ ಅಂತ ಬಿಡುಗಡೆ ಮಾಡುವುದು ಇಲಾಖೆಗೆ ಸುಲಭ. ಆದ್ದರಿಂದ ‘ಸರ್ಕಾರಕ್ಕೆ ಕಣ್ಣಿಲ್ಲ’ ಅನ್ನುವ ಥರದ ಸಾಲುಗಳನ್ನು ಸದ್ಯಕ್ಕೆ ಬಿಡಲಿ. ಅದರಿಂದ ಶೌಚಾಲಯಕ್ಕೆ ಒಂದು ಕೊಡ ನೀರೂ ಬರುವುದಿಲ್ಲ. ವಾಟ್ಸ್‌ಆ್ಯಪ್ ಸ್ಟೇಟಸ್ಸು, ಶಿಕ್ಷಕರ ಗುಂಪು, ‘ಫ್ರೆಂಡ್ಸ್ ಮಾತ್ರ’ ಅನ್ನುವ ಬೀಗ, ಇವ್ಯಾವೂ ಮನೆಯೊಳಗಿನ ಮಾತಲ್ಲ. ರಾತ್ರಿ ಅಳಿಸಿದ್ದು ಬೆಳಿಗ್ಗೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೊಬೈಲಿನಲ್ಲಿರುತ್ತದೆ. ಸುಳ್ಳು ಹೆಸರಿನ ಖಾತೆ ತೆರೆಯುವ ಐಡಿಯಾ ಯಾರಾದರೂ ಕೊಟ್ಟರೆ ಬೇಡವೇ ಬೇಡ ಅನ್ನಿ. ಸಿಕ್ಕಿಬಿದ್ದರೆ ಬರೆದ ಮಾತಿನ ನ್ಯಾಯವೂ ಆ ಸುಳ್ಳಿನ ಜೊತೆ ಹೋಗುತ್ತದೆ.

ನೀರಿಲ್ಲ ಅನ್ನುವ ಮಾತನ್ನು ಮಾತ್ರ ಬಿಡಬಾರದು. ಅದು ಅಭಿಪ್ರಾಯವಲ್ಲ, ಅವನ ಕಣ್ಣೆದುರಿನ ಸಂಗತಿ. ಹೆಡ್‌ಮಾಸ್ಟರ ಮೂಲಕ, ತಾರೀಕು ಹಾಕಿ, ಎಷ್ಟು ಹೆಣ್ಣುಮಕ್ಕಳು, ಎಷ್ಟು ದಿನದಿಂದ ನೀರಿಲ್ಲ ಅಂತ ಬರೆದು ಬಿಇಒ ಕಚೇರಿಗೆ ಕೊಡಲಿ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯ ನಡಾವಳಿಯಲ್ಲಿ ಅದು ದಾಖಲಾಗಲಿ. ಪಂಚಾಯಿತಿಗೊಂದು ಪ್ರತಿ ಹೋಗಲಿ. ಶಾಲೆಗೆ ಬಂದ ಅನುದಾನದ ಲೆಕ್ಕ ಬೇಕಿದ್ದರೆ ಮಾಹಿತಿ ಹಕ್ಕಿನ ಅರ್ಜಿ ನೀವೇ ಹಾಕಿ, ಇಲ್ಲವೇ ಮಕ್ಕಳ ಅಪ್ಪ ಅಮ್ಮ ಯಾರಾದರೂ ಹಾಕಲಿ. ನಿಮ್ಮನ್ನು ಅಮಾನತು ಮಾಡುವ ಅಧಿಕಾರಿ ಇನ್ನೂ ಹುಟ್ಟಿಲ್ಲ, ತೆಂಗಿನ ತೋಟದವರಿಗೆ ಯಾವ ನಡತೆ ನಿಯಮ? ಫೇಸ್‌ಬುಕ್ಕಿನಲ್ಲಿ ಬರೆಯಬೇಕಾದದ್ದನ್ನೂ ನೀವೇ ಬರೆಯಿರಿ, ನಿಮ್ಮ ಹೆಸರಿನಲ್ಲಿ, ಆದರೆ ಹುಡುಗ ಹೇಳಿದ್ದು ಅಂತ ಬೇಡ, ನೀವೇ ಹೋಗಿ ನೋಡಿಕೊಂಡು ಬಂದು. ಇಷ್ಟು ದಿನ ಅವನ ಪೋಸ್ಟಿಗೆ ಲೈಕ್ ಒತ್ತುತ್ತಿದ್ದ ಊರಿನವರಿಗೆ ಇದರಲ್ಲಿ ಕೆಲಸ ಹಂಚಿ. ನಲ್ಲಿ ತಿರುಗಿಸಿ ವಿಡಿಯೋ ಮಾಡುವುದಕ್ಕೆ ಯಾರ ಅನುಮತಿಯೂ ಬೇಕಿಲ್ಲ, ಮಕ್ಕಳ ಮುಖ ಬಾರದಂತೆ ನೋಡಿಕೊಂಡರೆ ಸಾಕು.

ಅರ್ಜಿ ಕೊಟ್ಟಾಗ ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳುವುದನ್ನು ಮರೆಯಬೇಡಿ. ‘ಇಟ್ಟು ಹೋಗಿ, ನೋಡ್ತೀವಿ’ ಅಂದರೆ ಕದಲಬೇಡಿ. ಮುದ್ರೆ ಬಿದ್ದ ಪ್ರತಿಯ ಜೆರಾಕ್ಸ್ ನನಗೊಂದು ಕಳಿಸಿ. ನೀರು ಬಂದರೆ ಅದನ್ನೂ ಬರೆಯಿರಿ, ಬಾರದಿದ್ದರೆ ಮುಂದಿನ ಕಾಗದವನ್ನು ಯಾರಿಗೆ ಬರೆಯಬೇಕು ಅಂತ ಇಬ್ಬರೂ ಕೂತು ಯೋಚಿಸೋಣ. ತಂಗಿಗೂ ಅಳಿಯನಿಗೂ ನನ್ನ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಗೆಳೆಯ