ಲಗ್ಗೆರೆಯಿಂದ ಕ್ಯೋಟೊವರೆಗೆ ಒಂದು ಕೈ

ಗೊರಗುಂಟೆಪಾಳ್ಯದಲ್ಲಿ ಮೆಟ್ರೋ ಇಳಿದು ಹೊರವರ್ತುಲ ರಸ್ತೆ ಹಿಡಿದರೆ ನಿಮಗೆ ಲಗ್ಗೆರೆ ಸೇತುವೆ ಸಿಗುತ್ತದೆ. ಅಲ್ಲಿಂದ ಒಳಗೆ ತಿರುಗಿ ನೋಡಿ. ಇದೂ ಒಂದು ಕಾಲದಲ್ಲಿ ಹಳ್ಳಿಯಾಗಿತ್ತೆಂದರೆ ಈಗ ನಂಬುವುದು ಕಷ್ಟ. ಮನೆಯ ಮೇಲೆ ಮನೆ, ಕೆಳಗೆ ಅಂಗಡಿ, ಪಕ್ಕದ ಶೆಡ್ಡಿನಲ್ಲಿ ಲೇತ್ ಯಂತ್ರದ ಸದ್ದು. ಬೆಳಗಾದರೆ ಊಟದ ಡಬ್ಬಿ ಹಿಡಿದು ಗಾರ್ಮೆಂಟ್ಸ್‌ಗೆ ಧಾವಿಸುವ ಹೆಣ್ಣುಮಕ್ಕಳು, ಪೀಣ್ಯದ ಕಾರ್ಖಾನೆಗಳತ್ತ ಹೊರಟ ಹುಡುಗರು.

ಇಲ್ಲಿ ನನ್ನ ಅಕ್ಕನ ಮನೆ. ಕಳೆದ ಬಾರಿ ಹೋದಾಗ ಅವಳ ಅತ್ತೆ ಕುಳಿತಲ್ಲಿಂದಲೇ ಒಂದು ಉದ್ದನೆಯ ಕೈಯನ್ನು ಚಾಚಿ, ಕಪಾಟಿನ ಮೇಲಿದ್ದ ಔಷಧಿಯ ಡಬ್ಬಿಯನ್ನು ಇಳಿಸಿಕೊಂಡರು. ಅಲ್ಯೂಮಿನಿಯಂ ಪಟ್ಟಿಗಳನ್ನು ಕತ್ತರಿಯಂತೆ ಜೋಡಿಸಿ ಮಾಡಿದ ಕೈ ಅದು. ಹಿಡಿಯನ್ನು ಒತ್ತಿದರೆ ಚಾಚಿಕೊಳ್ಳುತ್ತದೆ, ಬಿಟ್ಟರೆ ಮಡಚಿಕೊಳ್ಳುತ್ತದೆ.

"ಯಾರು ಮಾಡಿದ್ದು?" ಎಂದು ಕೇಳಿದೆ.

"ನಾನೇ ಮಾಮು. ದಾದಿಗೆ ಮಂಡಿನೋವಲ್ವಾ?" ಎಂದ ಅಕ್ಕನ ಮಗ. ಐ.ಟಿ.ಐ. ಮುಗಿಸಿ ಶೆಡ್ಡೊಂದರಲ್ಲಿ ಯಂತ್ರ ರಿಪೇರಿಯ ಕೆಲಸದಲ್ಲಿದ್ದಾನೆ. ಊಟದ ವಿರಾಮದಲ್ಲಿ, ಬಿಸಾಡಿದ ಚೂರುಗಳಿಂದ ಮಾಡಿದನಂತೆ. ಅದಕ್ಕಾಗಿ ಮಾಲೀಕರಿಂದ ಬೈಗುಳವೂ ಸಿಕ್ಕಿತು. "ಗ್ರೀಸ್ ಹಚ್ಚೋನಿಗೆ ಇದೆಲ್ಲಾ ಯಾಕೆ ಅಂದ್ರು ಮಾಮು" ಎಂದು ನಕ್ಕ. ಆ ನಗುವಿನಲ್ಲಿ ನೋವಿತ್ತು. ಆಗ ಅವನಿಗೆ ಹೇಳಿದ ಕಥೆಯನ್ನೇ ನಿಮಗೂ ಹೇಳುತ್ತೇನೆ.

ನಿಮ್ಮ ಮಕ್ಕಳ ಬಾಯಲ್ಲಿ ಮಾರಿಯೋ ಹೆಸರನ್ನು ಕೇಳಿರಬಹುದು. ಅದನ್ನು ತಂದ ನಿಂಟೆಂಡೊ ಕಂಪೆನಿ ಹುಟ್ಟಿದ್ದು 1889ರಲ್ಲಿ, ಜಪಾನಿನ ಕ್ಯೋಟೊ ನಗರದಲ್ಲಿ. ಆಗ ಟಿ.ವಿ. ಎಲ್ಲಿತ್ತು? ಫುಸಾಜಿರೊ ಯಮಾವುಚಿ ಎಂಬವರು ಹೂವಿನ ಚಿತ್ರಗಳ 'ಹನಾಫುದಾ' ಕಾರ್ಡುಗಳನ್ನು ಮಾಡಿ ಮಾರುತ್ತಿದ್ದರು. ಹನ್ನೆರಡು ತಿಂಗಳಿಗೆ ನಾಲ್ಕರಂತೆ 48 ಕಾರ್ಡುಗಳು. ಅವು ಮನೆಯಾಟಕ್ಕೂ ಹೋದವು, ಜೂಜಿನ ಅಡ್ಡೆಗೂ ಹೋದವು. 1949ರಲ್ಲಿ ಕಂಪೆನಿ ಅದೇ ಮನೆತನದ ಹಿರೋಷಿ ಯಮಾವುಚಿಯವರ ಕೈಗೆ ಬಂತು. ಕಾರ್ಡನ್ನೇ ನಂಬಿ ಕೂರಲಾಗದೆಂದು ಅವರು ಬೇರೆ ವ್ಯಾಪಾರಗಳಿಗೂ ಕೈಹಾಕಿ ನಷ್ಟ ಅನುಭವಿಸಿದರು.

1965ರಲ್ಲಿ ಆ ಕಾರ್ಡ್ ಕಾರ್ಖಾನೆಗೆ ಗುನ್‌ಪೇ ಯೊಕೊಯಿ ಎಂಬ ಯುವಕ ಸೇರಿದ. ಕೆಲಸವೇನು ಗೊತ್ತೇ? ಯಂತ್ರಗಳ ನಿರ್ವಹಣೆ. ಬಿಡುವಿನಲ್ಲಿ ಆತ ತನ್ನ ಖುಷಿಗಾಗಿ ಚಾಚಿಕೊಳ್ಳುವ ಕೈಯೊಂದನ್ನು ಮಾಡಿದ. ಹೌದು, ಲಗ್ಗೆರೆಯ ಈ ಹುಡುಗ ಮಾಡಿದಂಥದ್ದೇ! ಅದು ಯಮಾವುಚಿಯವರ ಕಣ್ಣಿಗೆ ಬಿತ್ತು. ಅದನ್ನೇ ಮಾರಾಟದ ಆಟಿಕೆಯನ್ನಾಗಿ ಮಾಡಿಕೊಡು ಎಂದರು. 1966ರಲ್ಲಿ 'ಅಲ್ಟ್ರಾ ಹ್ಯಾಂಡ್' ಹೆಸರಿನಲ್ಲಿ ಬಂದ ಅದು 10 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ಮುಂದೊಮ್ಮೆ ರೈಲಿನಲ್ಲಿ ಪ್ರಯಾಣಿಕನೊಬ್ಬ ಬೇಸರ ಕಳೆಯಲು ಕ್ಯಾಲ್ಕುಲೇಟರಿನ ಗುಂಡಿಗಳನ್ನು ಒತ್ತುತ್ತಿರುವುದನ್ನು ಯೊಕೊಯಿ ಕಂಡರು. ಅದರಿಂದ ಹುಟ್ಟಿದ್ದೇ 1980ರ 'ಗೇಮ್ ಅಂಡ್ ವಾಚ್'. ಒಳಗಿದ್ದುದು ಅದೇ ಕ್ಯಾಲ್ಕುಲೇಟರಿನ ಪರದೆಯ ತಂತ್ರ. ಹಳೆಯದಾಗಿ ಅಗ್ಗವಾದ ತಂತ್ರಜ್ಞಾನವನ್ನು ಹೊಸ ರೀತಿಯಲ್ಲಿ ಬಳಸು ಎಂಬುದೇ ಅವರ ಸೂತ್ರ. ಟಿ.ವಿ.ಗೆ ಜೋಡಿಸುವ 'ಫ್ಯಾಮಿಕಾಮ್' 1983ರಲ್ಲಿ ಬಂತು. 1989ರ 'ಗೇಮ್ ಬಾಯ್'ಗೆ ಬಣ್ಣದ ಪರದೆಯಿರಲಿಲ್ಲ. ಪ್ರತಿಸ್ಪರ್ಧಿಗಳು ಬಣ್ಣ ಕೊಟ್ಟರು, ಆದರೆ ಅವುಗಳ ಬ್ಯಾಟರಿ ಕೆಲವೇ ಗಂಟೆಗಳಲ್ಲಿ ಖಾಲಿ! ಗೆದ್ದದ್ದು ಬಣ್ಣವಿಲ್ಲದ್ದೇ. ಯೊಕೊಯಿಯವರಿಗೆ ಸೋಲೂ ಬಂತು. 1995ರ 'ವರ್ಚುವಲ್ ಬಾಯ್' ನೆಲಕಚ್ಚಿತು. 1996ರಲ್ಲಿ ಕಂಪೆನಿ ಬಿಟ್ಟ ಅವರು 1997ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

ಅದೇ 1997ರಲ್ಲಿ ನಮ್ಮ ಬೆಂಗಳೂರಿನಲ್ಲಿ ರಾಜೇಶ್ ರಾವ್ ಅವರು 'ಧ್ರುವ ಇಂಟರಾಕ್ಟಿವ್' ಆರಂಭಿಸಿದರು. ವಿದೇಶಿ ಕಂಪೆನಿಗಳ ಆಟಗಳಿಗೆ ಇಲ್ಲಿನ ಯುವಕರು ಚಿತ್ರ ರಚಿಸಿದರು. 2019ರಲ್ಲಿ ಅದು ಅಮೆರಿಕದ ರಾಕ್‌ಸ್ಟಾರ್ ಪಾಲಾಯಿತು. ಅತ್ತ ನಿಂಟೆಂಡೊ, ಕ್ಯೋಟೊ ಬಳಿಯ ಉಜಿಯಲ್ಲಿ ಕಾರ್ಡುಗಳು ತಯಾರಾಗುತ್ತಿದ್ದ ತನ್ನ ಹಳೆಯ ಕಾರ್ಖಾನೆಯನ್ನು 2024ರಲ್ಲಿ ಮ್ಯೂಸಿಯಂ ಆಗಿ ತೆರೆಯಿತು.

ಮಕ್ಕಳು ದಿನವಿಡೀ ಪರದೆಗೆ ಅಂಟಿಕೊಳ್ಳಲಿ ಎಂದು ನಾನು ಹೇಳುತ್ತಿಲ್ಲ. ಆ ಚಿಂತೆ ನಮ್ಮ ಮನೆಯಲ್ಲೂ ಇದೆ. ಗ್ರೀಸ್ ಹಚ್ಚುವ ಪ್ರತಿಯೊಬ್ಬ ಹುಡುಗನೂ ಯೊಕೊಯಿ ಆಗುವುದೂ ಇಲ್ಲ. ಆದರೆ ಅಂದು ಯಮಾವುಚಿ ಬೈದು ಕಳಿಸಿದ್ದರೆ? ಆ ಕೈ ಕಸದಬುಟ್ಟಿಗೆ ಸೇರುತ್ತಿತ್ತು.

ನಿಮ್ಮ ಮನೆಯಲ್ಲೂ ಮುರಿದ ರೇಡಿಯೋ ಬಿಚ್ಚಿ ಕೂರುವ ಮಗನೋ ಮಗಳೋ ಇರಬಹುದು. "ಓದೋದು ಬಿಟ್ಟು ಇದೇನು?" ಎನ್ನುವ ಮೊದಲು ಅವರ ಪಕ್ಕದಲ್ಲಿ ಒಂದು ಕ್ಷಣ ಕುಳಿತು "ಇದು ಹೇಗೆ ಕೆಲಸ ಮಾಡುತ್ತದೆ?" ಎಂದು ಕೇಳಿ ನೋಡಿ.

ನಾನು ಕೇಳಿದೆ. ಅವನು ಕಾಗದ ತಂದು ಚಿತ್ರ ಬರೆಯತೊಡಗಿದ. ಹೊರಡುವ ಹೊತ್ತಿಗೆ ಕತ್ತಲಾಗಿತ್ತು. ದಾದಿ ಆ ಉದ್ದನೆಯ ಕೈಯಿಂದಲೇ ದೀಪದ ಸ್ವಿಚ್ ಹಾಕಿದರು.