ಬೇಲಿ ಹಾಕಿದ ಹೆಸರುಗಳು

ಸೈಟು ಅಂದರೆ ನಮ್ಮ ಕಡೆ ಈಗಲೂ ಮೊದಲು ನೆನಪಾಗುವುದು ಮೂವತ್ತು-ನಲವತ್ತರ ಜಾಗವೇ. ಅಂತರ್ಜಾಲದ ಸೈಟು ಆಮೇಲೆ ಬಂದದ್ದು. ಆದರೂ ಎರಡರ ವ್ಯಾಪಾರಕ್ಕೂ ಒಂದು ದಾಯಾದಿ ಸಂಬಂಧವಿದೆ. ಊರು ಬೆಳೆಯುವ ದಿಕ್ಕನ್ನು ಮೊದಲೇ ಮೂಸಿ, ಜಾಗ ಹಿಡಿದು, ಕಲ್ಲುಕಂಬ ನೆಟ್ಟು ತಂತಿ ಬಿಗಿದು, ಬೇಕಾದವರು ಹುಡುಕಿಕೊಂಡು ಬರುವವರೆಗೆ ಸುಮ್ಮನಿರುವುದು. ಅಂತರ್ಜಾಲದಲ್ಲಿ ಜಾಗದ ಬದಲು ಹೆಸರು. ಡಾಟ್ ಕಾಮ್, ಡಾಟ್ ಇನ್ ಎಂದು ಮುಗಿಯುವ ವಿಳಾಸಗಳನ್ನು ಡೊಮೈನ್ ಎನ್ನುತ್ತಾರಲ್ಲ, ಅವನ್ನು ವರ್ಷಕ್ಕೆ ಸುಮಾರು ಸಾವಿರ ರೂಪಾಯಿ ಕಟ್ಟಿ ಯಾರು ಬೇಕಾದರೂ ಹಿಡಿಯಬಹುದು. ಮೊದಲು ಬಂದವರಿಗೆ ಹೆಸರು. ಅರ್ಜಿಯಲ್ಲಿ ವಿಳಾಸ, ಇಮೇಲ್, ಕಾರ್ಡಿನ ವಿವರ ಕೇಳುತ್ತಾರೆ. ಯಾಕೆ ಎಂದು ಕೇಳುವುದಿಲ್ಲ.

ಸಾವಿನ ಸುದ್ದಿ ಬೆಳೆಯುವ ದಿಕ್ಕನ್ನು ಮೂಸುವವರೂ ಇದ್ದಾರೆ. 2007ರ ಏಪ್ರಿಲ್ 16ರಂದು ಅಮೆರಿಕದ ವರ್ಜೀನಿಯಾ ಟೆಕ್ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯೊಬ್ಬ 32 ಮಂದಿಯನ್ನು ಗುಂಡಿಟ್ಟು ಕೊಂದ. ಸ್ವಲ್ಪ ದಿನದಲ್ಲೇ ಆ ಕೊಲೆಗಳ ಹೆಸರು ಹೊತ್ತ ಡೊಮೈನ್‌ಗಳು ಇಬೇ ಹರಾಜಿಗೆ ಬಂದಿದ್ದವು. ಅದಕ್ಕೂ ಮೊದಲು, 2005ರಲ್ಲಿ, ಕತ್ರಿನಾ ಚಂಡಮಾರುತದ ಹೆಸರಿನಲ್ಲಿ ಸಾವಿರಾರು ತಾಣಗಳು ಎದ್ದವು. ಪರಿಹಾರ ನಿಧಿಯ ಸೋಗು ಹಾಕಿದ ಕೆಲವರ ಮೇಲೆ ಅಲ್ಲಿನ ಸರ್ಕಾರಗಳು ಮೊಕದ್ದಮೆ ಹೂಡಬೇಕಾಯಿತು. 2020ರ ಮೊದಲ ಮೂರು ತಿಂಗಳಲ್ಲಿ ಕೊರೋನಾಕ್ಕೆ ಸಂಬಂಧಿಸಿದ 1,16,357 ಹೊಸ ಹೆಸರುಗಳು ನೋಂದಣಿಯಾದುದನ್ನು ಭದ್ರತಾ ಸಂಸ್ಥೆಯೊಂದು ಎಣಿಸಿತು. ಜನ ಬಾಗಿಲು ಹಾಕಿಕೊಂಡು ಕೂತಿದ್ದ ದಿನಗಳು ಅವು.

ನನ್ನ ಪಿಎಚ್.ಡಿ. ವಿಷಯವೂ ಇದರ ಪಕ್ಕದ್ದೇ. ಊರೊಂದರ ಹೆಸರು ದುರಂತವೊಂದರ ಹೆಸರಾಗುವುದು ಹೇಗೆ, ಪತ್ರಿಕೆಯ ಭಾಷೆ ಅದನ್ನು ಹೇಗೆ ಗಟ್ಟಿ ಮಾಡುತ್ತದೆ ಎಂಬುದು. ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳ ಕಟ್ಟು ಬಿಚ್ಚುತ್ತ ಕೂತಿದ್ದವರಿಗೆ ಡೊಮೈನ್‌ಗಳ ಉಸಾಬರಿ ಬೇಕಿರಲಿಲ್ಲ. ಆದರೆ 2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ 26 ಜನ ಸತ್ತರು. ಅವರಲ್ಲಿ ಶಿವಮೊಗ್ಗದವರೂ ಒಬ್ಬರು. ಮೇ 7ರಂದು ಸೇನೆ ಕೈಗೊಂಡ ಕಾರ್ಯಾಚರಣೆಗೆ ಸಿಂಧೂರ ಎಂಬ ಹೆಸರಿಟ್ಟರು. ಗಂಡನನ್ನು ಕಳೆದುಕೊಂಡ ಹೆಂಗಸರ ಹಣೆಯ ಕುಂಕುಮ ಅದು ಎಂದು ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಆ ದಿನವೇ ಆ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಕೊಡಿ ಎಂದು ಹಲವು ಅರ್ಜಿಗಳು ಬಿದ್ದವು, ರಿಲಯನ್ಸ್‌ನದೂ ಸೇರಿ, ಮನರಂಜನೆಯ ವರ್ಗದಲ್ಲಿ. ಜನ ಉಗಿದ ಮೇಲೆ ರಿಲಯನ್ಸ್ ಮರುದಿನ ಹಿಂತೆಗೆದುಕೊಂಡಿತು. ಕೆಳಹಂತದ ಸಿಬ್ಬಂದಿಯೊಬ್ಬರು ಅನುಮತಿಯಿಲ್ಲದೆ, ಅಚಾತುರ್ಯದಿಂದ ಹಾಕಿದ ಅರ್ಜಿ ಎಂದಿತು.

ಉಗಿಯಲು ಸಾಧ್ಯವಾದದ್ದು ಅರ್ಜಿ ಹಾಕಿದವರ ಹೆಸರು ಎಲ್ಲರಿಗೂ ಕಾಣುವಂತಿದ್ದುದರಿಂದ. ಡೊಮೈನ್ ಕೊಂಡವರ ಹೆಸರು ಈಗ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಖಾಸಗಿತನದ ನಿಯಮಗಳು ಅದನ್ನು ಮುಚ್ಚಿವೆ. ಒಳ್ಳೆಯ ನಿಯಮವೇ, ಆದರೆ ನಾಚಿಕೆಗೂ ಒಂದು ಮುಖ ಬೇಕಲ್ಲ.

ನಮ್ಮ ಹಾಸ್ಟೆಲಿನಲ್ಲಿ ಹೆಸರು ಕೊಂಡು ಮಾರುವವನೊಬ್ಬನಿದ್ದಾನೆ. ಕೆಟ್ಟವನಲ್ಲ. ಮೆಸ್ಸಿನ ಬಿಲ್ಲು ಅದರಲ್ಲೇ ಕಟ್ಟುತ್ತಾನೆ. ಹೆಚ್ಚಾಗಿ ಅಂಗಡಿ, ಆಪ್‌ಗಳಿಗೆ ಒಪ್ಪುವ ಹೆಸರುಗಳು. ಆ ಮೇ ತಿಂಗಳಲ್ಲಿ ಊಟಕ್ಕೆ ಕೂತಾಗ ಮಾತು ಇದರ ಕಡೆ ಹೊರಳಿತು. ದುರಂತದ ಹೆಸರು ಹಿಡಿದರೆ ತಪ್ಪೇನು ಅಂದ.

"ಚಟ್ಟಕ್ಕೆ ಬಿದಿರು ಮಾರೋನಿಗೆ ನೀನು ಬಯ್ತೀಯಾ ಮಾರಾಯ? ಪೇಪರಿನವರು ಸಾವಿನ ಫೋಟೋದ ಕೆಳಗೇ ಜಾಹೀರಾತು ಹಾಕಲ್ವಾ? ನಾನೊಂದು ಹೆಸರು ಹಿಡಿದ್ರೆ ಯಾರ ಗಂಟು ಹೋಯ್ತು?" ನಾನು ಬಾಯಿ ತೆರೆಯುವ ಮೊದಲೇ ಮತ್ತೊಂದು ಇಟ್ಟ: "ನೀನೂ ಅದೇ ಸಾವಿನ ಮೇಲೇ ಫೆಲೋಶಿಪ್ ತಗೊಳ್ತಿದೀಯಲ್ಲ?"

ಕೊನೆಯದು ನಾಟಿತು. ಪ್ರತಿ ತಿಂಗಳು ನನ್ನ ಖಾತೆಗೆ ಬರುವ ಹಣ ಯಾರದೋ ಕೇಡಿನ ದಾಖಲೆಯನ್ನು ಓದುವುದಕ್ಕೇ ಬರುತ್ತದೆ. ಇದಕ್ಕೆ ಉತ್ತರ ಹುಡುಕುತ್ತ ನಾನು ಹಲವು ದಿನ ತಿರುಗಿದ್ದೇನೆ. ಸಿಕ್ಕಷ್ಟು ಹೇಳುತ್ತೇನೆ. ಬಿದಿರು ಮಾರುವವನು ಸತ್ತ ಮನೆಗೆ ಬೇಕಾದುದನ್ನು ತಂದುಕೊಡುತ್ತಾನೆ; ಅವನಿಲ್ಲದಿದ್ದರೆ ಆ ಮನೆಗೇ ಕಷ್ಟ. ಹೆಸರು ಹಿಡಿದವನು ಏನನ್ನೂ ತರುವುದಿಲ್ಲ. ನಿನ್ನೆಯವರೆಗೆ ಬೇಲಿಯಿಲ್ಲದಿದ್ದ ಕಡೆ ಬೇಲಿ ಹಾಕಿ, ಗೇಟಿಗೆ ದರ ಕೇಳುತ್ತಾನೆ. ಪತ್ರಿಕೆಯವರ ವಿಷಯದಲ್ಲಿ ಅವನ ಮಾತನ್ನು ಮುಕ್ಕಾಲು ಒಪ್ಪುತ್ತೇನೆ. ಇನ್ನು ನನ್ನದು: ನಾನು ಭೋಪಾಲ್ ಎಂದು ನೂರು ಪುಟ ಬರೆದರೂ ಆ ಪದ ಬೇರೆಯವರಿಗೆ ಖಾಲಿಯಾಗುವುದಿಲ್ಲ. ಡೊಮೈನ್ ಹಾಗಲ್ಲ, ಒಬ್ಬರ ಕೈಗೆ ಹೋದರೆ ಉಳಿದವರಿಗೆಲ್ಲ ಇಲ್ಲ. ಇದನ್ನು ಅವನಿಗೆ ಹೇಳಿದೆ. "ಫೆಲೋಶಿಪ್ಪೂ ಒಬ್ಬರಿಗೇ ಸಿಗೋದು" ಅಂದು ಮಜ್ಜಿಗೆ ಹಾಕಿಸಿಕೊಂಡ.

ಕಾನೂನು ಓದಲು ಹೊರಟರೆ ಇನ್ನೊಂದು ವಿಚಿತ್ರ. ಡೊಮೈನ್ ಹೆಸರಿಗೂ ಟ್ರೇಡ್‌ಮಾರ್ಕಿನಂತೆ ರಕ್ಷಣೆ ಸಿಗಬಹುದೆಂದು ನಮ್ಮ ಸುಪ್ರೀಂ ಕೋರ್ಟು 2004ರಲ್ಲಿ ಸತ್ಯಂ ಇನ್ಫೋವೇ ಪ್ರಕರಣದಲ್ಲಿ ಹೇಳಿತು. ಅದಕ್ಕೂ ಮೊದಲೇ, 1999ರಿಂದ, ಜಗತ್ತಿನ ಡಾಟ್ ಕಾಮ್ ತಕರಾರುಗಳಿಗೆ ಒಂದು ನ್ಯಾಯಪದ್ಧತಿಯಿದೆ. ಎರಡೂ ಕಡೆ ದೂರುದಾರರು ಮೊದಲು ತೋರಿಸಬೇಕಾದದ್ದು ಹೆಸರಿನ ಮೇಲಿನ ತಮ್ಮ ಹಕ್ಕು. ಸಾಬೂನಿನ ಕಂಪನಿ ತೋರಿಸಬಲ್ಲದು. ಮಗ ಸತ್ತ ಮನೆಯವರ ಕೈಯಲ್ಲಿರುವುದು ಮರಣ ಪ್ರಮಾಣಪತ್ರ. ಅದು ಅಲ್ಲಿ ನಡೆಯುವ ನಾಣ್ಯವಲ್ಲ.

ಎಲ್ಲರದಾದ್ದರಿಂದಲೇ ಯಾರಿಗೂ ಕೊಡುವುದಿಲ್ಲ ಎಂದ ಉದಾಹರಣೆಯೂ ಇದೆ. 2015ರ ಜನವರಿಯಲ್ಲಿ ಪ್ಯಾರಿಸ್‌ನ ಷಾರ್ಲಿ ಎಬ್ದೊ ಪತ್ರಿಕಾ ಕಚೇರಿಯಲ್ಲಿ ಕೊಲೆಗಳಾದ ಮೇಲೆ 'ನಾನು ಷಾರ್ಲಿ' ಎಂಬ ಫ್ರೆಂಚ್ ಘೋಷಣೆಯನ್ನು ತಮ್ಮದಾಗಿಸಿಕೊಳ್ಳಲು ಸುಮಾರು ಐವತ್ತು ಅರ್ಜಿಗಳು ಬಂದವು. ಸಮಾಜವೇ ಬಳಸುತ್ತಿರುವ ಮಾತನ್ನು ಒಬ್ಬ ವ್ಯಾಪಾರಿಗೆ ಬಿಟ್ಟುಕೊಡಲಾಗದು ಎಂದು ಅಲ್ಲಿನ ಟ್ರೇಡ್‌ಮಾರ್ಕ್ ಕಚೇರಿ ನಿರಾಕರಿಸಿತು. ಆ ಕಚೇರಿಯಲ್ಲಿ ಇಲ್ಲ ಎನ್ನಲು ಒಬ್ಬ ಮನುಷ್ಯನಿದ್ದ. ಡೊಮೈನ್ ಕೊಡುವುದು ಯಂತ್ರ, ಅರೆ ನಿಮಿಷದಲ್ಲಿ. ಯಂತ್ರಕ್ಕೂ ತಡೆಯಲು ಕಲಿಸಬಹುದು ಎಂಬುದು 2020ರ ಮಾರ್ಚಿನಲ್ಲಿ ಗೊತ್ತಾಯಿತು. ನೇಮ್‌ಚೀಪ್ ಎಂಬ ಮಾರಾಟ ಸಂಸ್ಥೆ ಕೊರೋನಾ, ಕೋವಿಡ್, ಲಸಿಕೆ ಎಂಬರ್ಥದ ಪದಗಳಿದ್ದ ಹೆಸರುಗಳನ್ನು ತಾನಾಗಿ ಕೊಡುವುದನ್ನು ನಿಲ್ಲಿಸಿತ್ತು. ಸಾವಿನ ಸುದ್ದಿ ಬಂದ ಮೊದಲ ಎರಡು ವಾರವಾದರೂ, ಸೂತಕದಷ್ಟು ಕಾಲ, ಹೀಗೆ ಕೈಕಟ್ಟಿ ಕೂರುವುದು ಅಸಾಧ್ಯವೇನೂ ಅಲ್ಲ.

ಕಾಯಲೆಂದೇ ಬೇಲಿ ಹಾಕುವವರೂ ಇದ್ದಾರೆ. 2013ರ ಏಪ್ರಿಲ್ 15ರಂದು ಬಾಸ್ಟನ್ ಮ್ಯಾರಥಾನಿನಲ್ಲಿ ಬಾಂಬು ಸಿಡಿದ ಕೆಲವೇ ಗಂಟೆಗಳಲ್ಲಿ ಯಾರೋ ಒಬ್ಬರು ಆ ಘಟನೆಯ 'ಪಿತೂರಿ' ಎಂಬ ಅರ್ಥದ ಡೊಮೈನ್ ಕೊಂಡರು. ತಾಣ ತೆರೆದರೆ ಇದ್ದದ್ದು ಒಂದೆರಡು ಸಾಲು: ಪಿತೂರಿಯ ಕತೆ ಕಟ್ಟುವವರ ಕೈಗೆ ಇದು ಸಿಗದಿರಲೆಂದು ಕೊಂಡಿದ್ದೇನೆ, ನೊಂದವರನ್ನು ನೆನೆಯಿರಿ ಎಂಬರ್ಥದಲ್ಲಿ. ನನಗೆ ಆ ಅಜ್ಞಾತರ ಮೇಲೆ ಗೌರವ. ಆದರೆ ಈ ಕಾವಲು ವರ್ಷಾಬ್ದಿಕದಂತೆ ಪ್ರತಿ ವರ್ಷ ಹಣ ಕಟ್ಟಿ ಮಾಡಬೇಕಾದ ಕೆಲಸ. ಒಂದು ವರ್ಷ ಕಾರ್ಡು ಬದಲಾದರೆ, ಕಾಯುವವರೇ ತೀರಿಕೊಂಡರೆ, ಹೆಸರು ಮತ್ತೆ ಬೀದಿಗೆ. ಸ್ಮಾರಕವಾಗಿದ್ದ ವಿಳಾಸ ತೆರೆದರೆ ಜೂಜಿನ ಜಾಹೀರಾತು ಬರುವುದು ಹೀಗೆಯೇ.

ನನ್ನ ಅಳತೆಗೋಲು ಪೂರ್ತಿ ಕೈಕೊಡುವುದು ಭೋಪಾಲಿನಲ್ಲಿ. 1984ರ ಡಿಸೆಂಬರ್ 2-3ರ ರಾತ್ರಿಯ ಅನಿಲಕ್ಕೆ ಕಾರಣವಾದ ಯೂನಿಯನ್ ಕಾರ್ಬೈಡನ್ನು 2001ರಲ್ಲಿ ಡೌ ಕೆಮಿಕಲ್ ಕೊಂಡುಕೊಂಡಿತು. ಹಳೆಯ ಹೊಣೆ ತನ್ನದಲ್ಲ ಎಂದಿತು. ಯೆಸ್ ಮೆನ್ ಎಂಬ ಅಮೆರಿಕದ ಕೀಟಲೆ ಹೋರಾಟಗಾರರ ತಂಡ ಡೌಎಥಿಕ್ಸ್ ಡಾಟ್ ಕಾಮ್ ಎಂಬ ಡೊಮೈನ್ ಕೊಂಡು, ಕಂಪನಿಯದೇ ಎನ್ನುವಂತಹ ತಾಣ ಮಾಡಿತು. ದುರಂತದ ಇಪ್ಪತ್ತನೇ ವರ್ಷಕ್ಕೆ ಕಂಪನಿಯ ಪ್ರತಿನಿಧಿಯನ್ನು ಹುಡುಕುತ್ತಿದ್ದ ಬಿಬಿಸಿ ಆ ತಾಣಕ್ಕೆ ಪತ್ರ ಬರೆಯಿತು. 2004ರ ಡಿಸೆಂಬರ್ 3ರಂದು ಸೂಟು ತೊಟ್ಟ ಒಬ್ಬರು ಪರದೆಯ ಮೇಲೆ ಬಂದು, ಹೊಣೆಯೆಲ್ಲ ನಮ್ಮದು, ಯೂನಿಯನ್ ಕಾರ್ಬೈಡನ್ನು ಮಾರಿ 12 ಬಿಲಿಯನ್ ಡಾಲರ್ ಪರಿಹಾರಕ್ಕೆ ಕೊಡುತ್ತೇವೆ ಎಂದರು. ಫ್ರಾಂಕ್‌ಫರ್ಟಿನ ಶೇರುಪೇಟೆಯಲ್ಲಿ ಡೌ ಕುಸಿಯಿತು. ಕಂಪನಿ ಅಲ್ಲಗಳೆಯಿತು, ಬಿಬಿಸಿ ಕ್ಷಮೆ ಕೇಳಿತು, ಶೇರು ಚೇತರಿಸಿಕೊಂಡಿತು.

ಇಲ್ಲಿ ಬೇಲಿ ಬಿದ್ದದ್ದು ಸತ್ತವರ ಹೆಸರಿಗಲ್ಲ, ಕಂಪನಿಯ ಹೆಸರಿಗೆ. ಹಣ ಮಾಡಲು ಯಾರೂ ಹೋಗಲಿಲ್ಲ. ಆ ಒಂದು ಸುಳ್ಳು, ಹೇಳಬೇಕಿದ್ದವರು ಇಪ್ಪತ್ತು ವರ್ಷ ಹೇಳದೆ ಉಳಿಸಿಕೊಂಡಿದ್ದ ಮಾತನ್ನು ಜಗತ್ತಿಗೆ ಕೇಳಿಸಿತು. ಇದನ್ನು ನಾನು ತರಗತಿಯಲ್ಲಿ ಪಾಠ ಮಾಡಿದಾಗ ಹುಡುಗರು ಚಪ್ಪಾಳೆ ತಟ್ಟುತ್ತಾರೆ. ನನಗೂ ತಟ್ಟಬೇಕೆನಿಸುತ್ತದೆ. ಆದರೆ ಸುದ್ದಿ ಭೋಪಾಲಿಗೂ ತಲುಪಿತ್ತು. ಅಲ್ಲಿ ನಂಬಿದವರಿದ್ದರು, ಸುಳ್ಳೆಂದು ತಿಳಿದು ಅತ್ತವರಿದ್ದರು. ಅವರಿಗೆ ಮೊದಲೇ ಹೇಳುವಂತಿರಲಿಲ್ಲ, ಹೇಳಿದ್ದರೆ ಆಟವೇ ನಡೆಯುತ್ತಿರಲಿಲ್ಲ. ನನ್ನ ಪ್ರಬಂಧದ ನಾಲ್ಕನೇ ಅಧ್ಯಾಯ ಸದ್ಯ ಆ ಸುಮಾರು ಎರಡು ಗಂಟೆಗಳ ಮುಂದೆ ನಿಂತಿದೆ.